ಗುಜರಿಗೆ ಹೊರಟ ಇಂಜಿನ್ ಬಿಸಿಯಾಗಿತ್ತು

ದೆವ್ವ ಭೂತದ ಮಾತು ಶುರುವಾದರೆ ನಾನು ಎದ್ದು ಹೋಗುವವನು. ಕಬ್ಬಿಣಕ್ಕೆ ಜೀವ ಇದೆ ಎಂದಿದ್ದರಂತೂ ನಕ್ಕೇ ಬಿಡುತ್ತಿದ್ದೆ. ಈಗ ನಗುವುದಿಲ್ಲ. ಯಾಕೆಂದು ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ನನಗೆ ಗೂಡ್ಸ್ ರೈಲಿನ ಹುಚ್ಚು. ರಜೆ ಸಿಕ್ಕರೆ ಮೂಡಿಗೆರೆಯಿಂದ ಬೈಕಿನಲ್ಲಿ ಸಕಲೇಶಪುರದ ಘಾಟಿಗೆ ಹೋಗಿ, ಹಳೆಯ ಡೀಸೆಲ್ ಇಂಜಿನ್‌ಗಳು ಕಪ್ಪು ಹೊಗೆ ಉಗುಳುತ್ತಾ ಗಾಡಿಯನ್ನು ಹಿಂದಿನಿಂದ ದೂಡಿ ಹತ್ತಿಸುವುದನ್ನು ನೋಡುತ್ತಾ ಕೂರುತ್ತಿದ್ದೆ. ಕರೆಂಟಿನ ಇಂಜಿನ್ ಬಂದ ಮೇಲೆ ಅವು ಒಂದೊಂದಾಗಿ ಗುಜರಿಗೆ ಹೊರಟವು.

ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಅವನ್ನು ಓಡಿಸಿದವರು. ಸಕ್ಕರೆ ಕಾಯಿಲೆಯಿಂದ ಡ್ಯೂಟಿಯ ನಡುವೆಯೇ ಕಣ್ಣು ಕತ್ತಲಾಗಿ, ಘಾಟಿಯ ಸಣ್ಣ ಸ್ಟೇಷನ್ನಿನಲ್ಲಿ ಅವರನ್ನು ಕೈಹಿಡಿದು ಇಳಿಸಿದ್ದರು. ದೃಷ್ಟಿ ಮರಳಲಿಲ್ಲ. ಮುಂದಿನ ಡ್ರೈವರಿಗೆ ಇಂಜಿನ್ನಿನ ಸ್ಥಿತಿ ಹೇಳಿ ಚಾರ್ಜ್ ಒಪ್ಪಿಸದೆ ಇಳಿಯಬಾರದು ಎಂಬುದು ಅವರ ಕಸುಬಿನ ನೇಮ; ಅಂದು ಅದು ತಪ್ಪಿತ್ತು. "ಓಡೋ ಇಂಜಿನ್ ಬಿಟ್ಟು ಬಂದೆನಲ್ಲಾ" ಎಂದು ನಿದ್ದೆಯಲ್ಲೂ ಕನವರಿಸುತ್ತಿದ್ದರು.

ಅದೇ ಇಂಜಿನ್ ಗುಜರಿಗೆ ಹೋಗುತ್ತಿದೆ ಎಂದು ಆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಫೋನ್ ಮಾಡಿದ. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನನ್ನ ಜೊತೆ ಹೊರಟರು.

ಬೆಳಿಗ್ಗೆ ಸ್ಟೇಷನ್ ತಲುಪಿದಾಗ ಮಂಜು ಇನ್ನೂ ಹರಿದಿರಲಿಲ್ಲ. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ಗೂಡ್ಸ್ ನಿಂತಿತ್ತು. ಅದರ ಬಾಲಕ್ಕೆ ಕಟ್ಟಿ ಎಳೆದು ತಂದಿದ್ದರು ಇಂಜಿನ್ನನ್ನು.

"ನಂಬರ್ ಓದು," ಎಂದರು ಮಾವ. ಓದಿದೆ. "ಅದೇ. ಹತ್ರ ಕರ್ಕೊಂಡು ಹೋಗು."

ಇಂಜಿನ್ನಿನ ಮೈಗೆ ಅಂಗೈ ಊರಿ ನಿಂತರು. "ಬಿಸಿ ಇದೆಯಲ್ಲ ಮಾರಾಯ! ಓಡ್ತಾ ಇದೆ."

ಪಾಯಿಂಟ್ಸ್‌ಮನ್ ನಕ್ಕ. "ಅದ್ರಲ್ಲಿ ತೊಟ್ಟು ಎಣ್ಣೆ ಇಲ್ಲ ಅಜ್ಜಾರೇ. ತಿಂಗಳುಗಟ್ಲೆ ಆಯ್ತು ನಿಂತು. ನಿಮ್ಗೇ ಜ್ವರ ಬಂದು ಕೈ ಬಿಸಿ ಇರ್ಬೇಕು."

"ಜ್ವರ ನಿನ್ನ ತಲೆಗೆ ಬಂದಿರೋದು."

ಅವರ ಸಮಾಧಾನಕ್ಕೆಂದು ನಾನೂ ಮುಟ್ಟಿದೆ. ಬಿಸಿಯಿತ್ತು. ಸದ್ದಿಲ್ಲದ ಒಂದು ಅದುರು ಮೊಣಕೈವರೆಗೂ ಏರಿತು, ಮೆಲುಕು ಹಾಕುವ ಹಸುವಿನ ಹೊಟ್ಟೆ ಮುಟ್ಟಿದ ಹಾಗೆ.

ಮಾವ ಮೇಲೆ ಕಿಟಕಿಯತ್ತ ಮುಖ ಎತ್ತಿ ಹೇಳಿದರು: "ಬ್ರೇಕ್ ಚೆನ್ನಾಗಿದೆ. ಎಡಗಡೆ ಚಕ್ರಕ್ಕೆ ಹಿಡಿತಕ್ಕೆ ಬೀಳೋ ಮರಳು ಕಮ್ಮಿ, ಏರಿನಲ್ಲಿ ಜಾರೀತು, ನೋಡ್ಕೊಳ್ಳಿ. ನಾನು ಇಳೀತೀನಿ." ಸ್ವಲ್ಪ ತಡೆದು, ಯಾರಿಗೋ ಒಪ್ಪಿದಂತೆ "ಹ್ಞೂಂ, ಸರಿ" ಎಂದು ಕೈ ತೆಗೆದರು.

ನನ್ನ ಕೈ ಅಲ್ಲೇ ಇತ್ತು. ಅದರಡಿಯಲ್ಲೇ ಅದುರು ನಿಂತಿತು. ಬಿಸಿ ಇಳಿದು ಕಬ್ಬಿಣ ತಣ್ಣಗೆ ಕೊರೆಯತೊಡಗಿತು.

ಪಾಯಿಂಟ್ಸ್‌ಮನ್ ಬಂದು ಮುಟ್ಟಿದ. "ತಣ್ಣಗಿದೆ ನೋಡಿ, ನಾನ್ ಹೇಳ್ಲಿಲ್ವಾ?"

ಅದುರು ಮುಂದಿನ ಇಂಜಿನ್ನಿನದು ಎನ್ನೋಣವೆಂದರೆ ನಡುವೆ ಅಷ್ಟೊಂದು ವ್ಯಾಗನ್‌ಗಳಿದ್ದವು. ಮಾವನದು ಆಸೆಯಿಂದ ಹುಟ್ಟಿದ ಭ್ರಮೆ ಎನ್ನಬಹುದು. ನನ್ನ ಅಂಗೈಗೆ ಏನು ಹೇಳಲಿ?

ವಾಪಸು ಬರುವಾಗ ಕೇಳಿದೆ, "ಯಾರಿಗೆ ಚಾರ್ಜ್ ಕೊಟ್ರಿ ಮಾವ?"

"ಯಾರೋ ಹೊಸಬ," ಎಂದರು, ಬಹಳ ನಿರಾಳವಾಗಿ. "ಹೆಸರು ಕೇಳೋದು ಮರ್ತೇ ಹೋಯ್ತು."