ದೋಣಿಯ ಮೋಟರಿಗೆ ಕೀಲೆಣ್ಣೆ

ಗೆಳೆಯರೇ, ಮಹದೇವನ ದೋಣಿಯ ಮೋಟರಿನಲ್ಲಿ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂಬುದು ಇವತ್ತು ಸಂಜೆ ಐದರವರೆಗೂ ಪತ್ತೆಯಾಗಿಲ್ಲ. ನಂಜನಗೂಡಿನಿಂದ ಬಂದಿದ್ದ ಮೆಕ್ಯಾನಿಕ್ ಸಿದ್ದರಾಜು ಹೀಗೆಂದು ತಿಳಿಸಿದರು. ನಾನೂ ನರಸೀಪುರದ ಹೊಳೆದಡದಲ್ಲೇ ಇದ್ದೆ. ನೀರಿನ ಮೇಲೆ ಎಣ್ಣೆ ತೇಲುತ್ತಿದೆ ಎಂದು ಸ್ನಾನಕ್ಕೆ ಬಂದವರು ದೂರಿದ್ದಾರೆ. ಸೋರಿಕೆ ನಿಲ್ಲುವವರೆಗೆ ಮಹದೇವ ದೋಣಿ ಬಿಡುವಂತಿಲ್ಲ. ಅವನ ಮನೆ ನಡೆಯುವುದೇ ಆ ದೋಣಿಯಿಂದ.

ಸಿದ್ದರಾಜು ನೀರಿನೊಳಗೆ ತಿರುಗುವ ಮೋಟರಿನ ಫ್ಯಾನಿನ ಹಿಂದಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು.

"ಇದು ಗೇರ್ ಆಯಿಲ್ ಅಲ್ಲ ಕಣ್ರೀ, ಹರಳೆಣ್ಣೆ!"

ಎಲ್ಲರೂ ಮುಖ ಮುಖ ನೋಡಿಕೊಂಡೆವು. ದಡದಲ್ಲಿ ಕೂತಿದ್ದ ಮಹದೇವನ ಅಪ್ಪ ಪುಟ್ಟಮಾದಪ್ಪ ಆಗ ಬಾಯಿಬಿಟ್ಟರು.

"ದಿನಾ ಬೆಳಿಗ್ಗೆ ನಾನೇ ಬುಡ್ತೀನಿ ಸಾ. ನಲವತ್ತು ವರ್ಷ ಎತ್ತಿನ ಗಾಡಿ ಓಡ್ಸಿವ್ನಿ. ಕೀಲಿಗೆ ಎಣ್ಣೆ ಬುಡ್ದೆ ಗಾಲಿ ತಿರುಗ್ತದಾ?"

"ಇದು ಗಾಡಿ ಅಲ್ಲ ಕಣಪ್ಪೋ!" ಎಂದು ಮಹದೇವ ತಲೆ ಚಚ್ಚಿಕೊಂಡ.

ಎಲ್ಲ ಒರೆಸಿ ಮೋಟರನ್ನು ಮತ್ತೆ ಓಡಿಸಿದರು. ಎಣ್ಣೆ ಮತ್ತೆ ತೇಲಿತು. ಸಂದಿಯಲ್ಲಿ ಉಳಿದ ಹರಳೆಣ್ಣೆಯೋ, ಒಳಗಿನ ರಬ್ಬರ್ ಸೀಲ್ ಹೋಗಿ ಬರುತ್ತಿರುವ ಗೇರ್ ಆಯಿಲೋ ಗೊತ್ತಾಗಲಿಲ್ಲ. ಸಿದ್ದರಾಜು ಎರಡೆರಡು ಸಲ ಮೂಸಿ, "ಈಗ ಎರಡೂ ವಾಸನೆ ಬತ್ತದೆ" ಎಂದರು.

"ಅಂಗಾರೆ ನನ್ದೊಂದೇ ತಪ್ಪಲ್ಲ" ಎಂದು ಪುಟ್ಟಮಾದಪ್ಪ ಎದೆ ಸೆಟೆಸಿದರು.

ನಾಳೆ ಬೆಳಿಗ್ಗೆ ಎಂಟಕ್ಕೆ ಮೋಟರನ್ನು ಸಂದಿಸಂದಿ ತೊಳೆದು, ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ ಓಡಿಸಿ, ಎಣ್ಣೆ ಮತ್ತೆ ತೇಲುತ್ತದೆಯೇ ಎಂದು ನೋಡಲಾಗುವುದು. ಅಲ್ಲಿಯವರೆಗೆ ಮೋಟರು ನಮ್ಮ ಮನೆಯಲ್ಲಿ, ಪುಟ್ಟಮಾದಪ್ಪನವರು ಅವರ ಮನೆಯಲ್ಲಿ.