ಗಂಗಕ್ಕನ ಕುತ್ತಿಗೆಯ ಸಿಬಿರು

ಆ ಬೆಳಿಗ್ಗೆಯೂ ಎಂದಿನಂತೆ ಹೊಸ್ತಿಲು ಒರೆಸಿ, ರಂಗೋಲಿ ಹಾಕಿ, ಮೊಸರಿನ ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕಾಫಿಗೆ ನೀರಿಟ್ಟೆ. ಕಿವಿ ಮಾತ್ರ ಬೀದಿಯಲ್ಲಿತ್ತು. ಆಪರೇಷನ್ ಆದ ಮೇಲೆ ಗಂಗಕ್ಕ ಮತ್ತೆ ಮೊಸರು ತರುವ ಮೊದಲ ದಿನ ಅದು.

ಅಂಜನಾಪುರದ ಕಡೆಯಿಂದ ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಬರುತ್ತಿದ್ದ ಅವಳ "ಮೊಸರೇ..." ಎಂಬ ಕೂಗು ತಿರುವಿನಾಚೆಗೇ ಕೇಳುತ್ತಿತ್ತು. ಅದನ್ನು ಕೇಳಿಯೇ ಬೀದಿಯವರೆಲ್ಲ ಪಾತ್ರೆ ಹಿಡಿದು ಹೊರಬರುತ್ತಿದ್ದೆವು. ಕರೆದರೆ ಅವಳು ಕತ್ತು ಹೊರಳಿಸುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದಳು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಹಾಗೆ ನಿಲ್ಲಲು ಕಲಿಸಿದ್ದರು. ಇವಳದೂ ಅಂಥ ಮರ್ಯಾದೆಯೆಂದೇ ನಾನು ಮೊದಲು ತಿಳಿದಿದ್ದೆ.

ಮದುವೆಯಾದ ಹೊಸತರಲ್ಲಿ ಅವಳು, ಕುರಿಮರಿಗಳ ಮೇಲೆ ಕವುಚಿಡುವ, ಮುರಿದುಹೋಗಿದ್ದ ಬಿದಿರುಬುಟ್ಟಿಯೊಂದರ ಮೇಲೆ ಜಾರಿ ಬಿದ್ದಿದ್ದಳಂತೆ. ಕುತ್ತಿಗೆಗೆ ಚುಚ್ಚಿದ ಸಿಬಿರನ್ನು ಮನೆಯವರೇ ಕಿತ್ತು ಅರಿಶಿನ ಮೆತ್ತಿದರು. ಗಾಯ ಮಾಯಿತು. ಆದರೆ ಆಗಾಗ ಬಾತು, ಕೀವು ಸೋರಿ, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಎಕ್ಸ್‌ರೇಯಲ್ಲಿ ಬಿದಿರು ಕಾಣಲಿಲ್ಲ. ಟಿ.ಬಿ. ಗಂಟು ಎಂದು ಮಾತ್ರೆಯನ್ನೂ ನುಂಗಿಸಿದ್ದಾಯಿತು.

"ಒಂದು ಚೂರು ಒಳಗೇ ಐತ್ರೀ ಅಮ್ಮ," ಎನ್ನುತ್ತಿದ್ದಳು, ಸೆರಗು ಸರಿಸಿ ತೋರಿಸುತ್ತ. "ನಮ್ಮನಿಯವ್ರು ನಂಬಂಗಿಲ್ಲ. 'ಹಟ್ಟಿ ಗುಡಿಸು ಅಂದ್ರ ನಿನ್ನ ಕುತ್ತಿಗಿ ನೋಯ್ತೈತಿ, ತವರಿಗೆ ಹೋಗು ಅಂದ್ರ ನೋಯಂಗಿಲ್ಲ' ಅಂತಾರ. ಸಾಯೋದ್ರೊಳಗ ಒಮ್ಮೆ ಅವ್ರ ಕಣ್ಣಿಗೆ ತೋರಿಸಬೇಕ್ರೀ."

ಕೊನೆಗೆ ನಾನೇ ಶಿವಮೊಗ್ಗಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದಾಗ, ಒಳಗೆ ಏನೋ ಇದೆ ಎಂದರು ಡಾಕ್ಟರು. ದನಿಯ ನರಕ್ಕೆ ಅಂಟಿಕೊಂಡಿದೆ, ತೆಗೆದರೆ ದನಿ ಹೋಗಲೂಬಹುದು ಎಂದೂ ಹೇಳಿದರು.

"ತೆಗೀರಿ," ಎಂದಳು. ಜೊತೆಗಿದ್ದ ನಾನು ಅವಳ ಕೈ ನೋಡಿದೆ. ಬಳೆಗಳನ್ನು ಮೇಲಕ್ಕೆ ತಳ್ಳುತ್ತ, ಕೆಳಕ್ಕೆ ಎಳೆಯುತ್ತ ಇದ್ದಳು.

ಆ ಬೆಳಿಗ್ಗೆ ಕೂಗು ಕೇಳಲಿಲ್ಲ. ಗೇಟಿಗೆ ಅಳತೆಯ ಲೋಟ ತಾಗಿಸಿದ ಸಣ್ಣ ಸದ್ದಾಯಿತು. ಹೊರಬಂದು "ಗಂಗಕ್ಕ" ಎಂದರೆ, ಕತ್ತನ್ನಷ್ಟೇ ಹೊರಳಿಸಿ ನೋಡಿದಳು. ಸೊಂಟದಿಂದ ಪುಟ್ಟ ಬಾಟಲಿ ತೆಗೆದು ನನ್ನ ಅಂಗೈಗಿಟ್ಟಳು. ಒಳಗೆ ಕಪ್ಪಾದ ಬಿದಿರಿನ ಚೂರು, ಕಿರುಬೆರಳಿನ ಉಗುರಿನಷ್ಟು.

"ನಿಮ್ಮನೆಯವರು ಏನಂದರು?"

ಬರೀ ಉಸಿರಿನಲ್ಲಿ ಹೇಳಿದಳು: "ನೋಡಿದ್ರು. ಕುರಿ ಹೊಡಕೊಂಡು ಹೋದ್ರು."

ನಮ್ಮದು ಬೀದಿಯ ಕೊನೆಯ ಮನೆ. ಅವಳ ಮೊಸರಿನ ಕ್ಯಾನು ಇನ್ನೂ ಬಾಯಿಮಟ್ಟ ತುಂಬಿತ್ತು. ಆಮೇಲೆ ಅವಳು ಈ ಕಡೆ ಬರಲೇ ಇಲ್ಲ.

ಅವಳು ಬಾಟಲಿ ತೋರಿಸಿಹೋದ ದಿನವೇ ಸಂಜೆ, ಪಕ್ಕದ ಮನೆಯ ಸೊರಬದ ಶಾರದಮ್ಮ ಒಣಗಿದ ಬಟ್ಟೆ ತೆಗೆಯುತ್ತ ಗೋಡೆಯಾಚೆಯಿಂದ ಹೇಳಿದರು:

"ಇವತ್ತೂ ಮೊಸರಿನೋಳು ಬರ್ಲಿಲ್ಲ ನೋಡ್ರೀ. ಬಂದಿದ್ರೆ ಕೂಗು ಕೇಳ್ತಿತ್ತಲ್ಲ."