ಮೆಕ್ಯಾನಿಕ್ಕನ ಖಾಲಿ ಟ್ರಿಪ್ಪು

ಬಸ್ಸು ಇಟ್ಟು ನಡೆಸುವವರಿಗೆ ನನ್ನ ಸಲಹೆ ಒಂದೇ: ರಿಪೇರಿ ಮಾಡಿದವನು ಮೊದಲು ತಾನೇ ಹತ್ತುತ್ತಾನೋ ನೋಡಿ.

ಯುದ್ಧಕಾಲದಲ್ಲಿ ಚನ್ನರಾಯಪಟ್ಟಣದಲ್ಲಿ ನನ್ನ ಬಸ್ಸಿಗೆ ಸಿಕ್ಕಿದ್ದ ಮೆಕ್ಯಾನಿಕ್ಕು ಅಂಥವನು. "ಮೊದ್ಲು ನಾನ್ ಕೂತ್ಕತೀನಿ" ಅನ್ನುವುದು ಅವನ ಮಾತು. ಹಿಂದೆ ವಿಮಾನ ಹಾರಿಸಲು ಕಲಿಸುವ ಕಡೆ ಕೆಲಸದಲ್ಲಿದ್ದಾಗ, ಅವನು ರಿಪೇರಿ ಮಾಡಿದ ವಿಮಾನ ಬಿದ್ದು, ಕಲಿಯುತ್ತಿದ್ದ ಹುಡುಗ ಸತ್ತಿದ್ದ. ತಪ್ಪು ಹುಡುಗನದೇ ಎಂದು ವಿಚಾರಣೆ ಮುಗಿದಿತ್ತು.

ಒಂದು ಸಂತೆಯ ದಿನ ಹೊಳೆನರಸೀಪುರಕ್ಕೆ ಬಸ್ಸು ತುಂಬಿ ನಿಂತಿತ್ತು. ಬ್ರೇಕು ಸರಿಮಾಡಿ ಎದ್ದವನು ಎಲ್ಲರನ್ನೂ ಇಳಿಸಿದ.

"ವಿಮಾನದ್ದೇ ನಿನ್ ತಪ್ಪಲ್ಲ ಅಂದ್ರಲ್ಲೋ! ಇನ್ನೇನ್ಲಾ ನಿಂದು?" ಎಂದು ನಾನು ರೇಗಿದೆ.

"ಅವರೇನೋ ಅಂದ್ರು ಕಣಣ್ಣ. ಆ ಹುಡುಗ ಬದುಕಿದ್ದಿದ್ರೆ ಏನಂತಿದ್ನೋ?"

ಖಾಲಿ ಬಸ್ಸು ಹತ್ತಿ ಇಳಿಜಾರಿನವರೆಗೂ ಹೋಗಿಬಂದ. ಅವನ ಕೂಲಿಗೆ ಆಮೇಲೂ ಚೌಕಾಸಿ ಮಾಡಿದ್ದೇನೆ. ಆ ಖಾಲಿ ಟ್ರಿಪ್ಪಿನ ಖರ್ಚಿಗೆ ಮಾತ್ರ ಎಂದೂ ಮಾಡಲಿಲ್ಲ.